ಮೂವತ್ತೇಳನೇ ನಂಬರಿನ ಹಾವುಗಿಡುಗ

ನಮ್ಮ ಮನೆಯಲ್ಲಿ ಯಾವ ವಸ್ತು ಕಾಣೆಯಾದರೂ ಅದನ್ನು ಕಳೆದವಳು ನಾನೇ ಎಂದು ವಿಚಾರಣೆಗೆ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಅಮ್ಮ ಬಟ್ಟೆ ಹೊಲಿಯುವವಳು. ಮೂರು ವಾರದ ಹಿಂದೆ ತಾರಸಿಯ ಮೇಲೆ ಕೂತು ಅಂಗಿಯ ಗುಂಡಿಗಳಿಗೆ ಕಾಜ ಮಾಡುತ್ತಿದ್ದಾಗ ಅವಳ ಅಳತೆ ಟೇಪು ಮಾಯವಾಯಿತು. ತಾರಸಿಯಲ್ಲಿ ದಿನವಿಡೀ ಕೂರುವ ಇನ್ನೊಂದು ಜೀವ ನಾನು. ಅಲ್ಲಿಗೆ ವಿಚಾರಣೆ ಮುಗಿಯಿತು. ಅಂದಿನಿಂದ ಅಮ್ಮ ಗಂಟು ಹಾಕಿದ ದಾರದಲ್ಲಿ ಅಳೆಯುತ್ತಿದ್ದಾಳೆ. ಮೂಲೆಮನೆಯ ಪೋಸ್ಟ್‌ಮನ್ನರ ಹೊಸ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಒಂದು ಗಂಟು ಉದ್ದವಾಗಿದೆ. ಅವರು ರಸ್ತೆಯ ಇಳಿಜಾರಿನಲ್ಲಿ ನಡೆಯುವಾಗ ಮಾತ್ರ ಸರಿಯಾಗಿ ಕಾಣುತ್ತಾರೆ. ಅದೂ ನನ್ನ ತಪ್ಪೇ.

ನಾನು ತಾರಸಿಯಲ್ಲೇಕೆ ಕೂರುತ್ತೇನೆಂದರೆ, ಶಾಲೆ ಬಿಟ್ಟಿದ್ದೇನೆ. (ಬಿಟ್ಟೆ ಎನ್ನುವುದು ಪೂರ್ತಿ ಸರಿಯಲ್ಲ. ಹಾಜರಿ ಕೂಗುವಾಗ ನಾನು ಓಗೊಡುತ್ತಿದ್ದುದು ನನಗೇ ಕೇಳುತ್ತಿರಲಿಲ್ಲ. ವರ್ಷವಿಡೀ ತಪ್ಪದೆ ಶಾಲೆಗೆ ಹೋಗಿ, ವರ್ಷವಿಡೀ ಗೈರುಹಾಜರಾದವಳು ಆ ಶಾಲೆಯ ಇತಿಹಾಸದಲ್ಲಿ ನಾನೊಬ್ಬಳೇ. ಪರೀಕ್ಷೆಗೆ ಕೂರಿಸಲಿಲ್ಲ. ಯಾಕೆ ಎಂದು ಕೇಳಲು ನನಗೆ ನಾಚಿಕೆಯಾಯಿತು.)

ಈ ನಾಚಿಕೆ ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಾರೆ. "ಮೇಲೆ", "ಕೆಳಗೆ" ಎಂಬ ಎರಡು ಶಬ್ದಗಳಲ್ಲಿ ಇಪ್ಪತ್ತು ವರ್ಷದ ಸಂಸಾರವನ್ನೂ ಸುಸೂತ್ರವಾಗಿ ನಡೆಸಿದ್ದಾರೆ. ಆದರೆ ಅವರ ತಂಗಿ, ಎಂದರೆ ನನ್ನ ಅತ್ತೆ, ಅಣ್ಣನ ಪಾಲಿನ ಮಾತನ್ನೂ ತಾನೇ ತೆಗೆದುಕೊಂಡು ಹುಟ್ಟಿದವಳು. ಅವಳದು ಚಪ್ಪಲಿ ಅಂಗಡಿ. ಬಾಗಿಲಲ್ಲಿ ನಿಂತು ದಾರಿಹೋಕರನ್ನು ಕೂಗಿ ಕರೆಯಲು, ಅವರ ಪಾದದ ಬಳಿ ಕೂತು "ಬಿಗಿಯಾಗತ್ತಾ, ಸಡಿಲ ಆಗತ್ತಾ" ಎಂದು ಕೇಳಲು ಅವಳಿಗೊಬ್ಬ ಹುಡುಗಿ ಬೇಕಾಗಿದ್ದಳು. ಮನೆಯಲ್ಲಿ ಸಭೆ ಸೇರಿ ಆ ಪದವಿಗೆ ನನ್ನನ್ನು ಸರ್ವಾನುಮತದಿಂದ ಆರಿಸಿತು. ನಾನು ವಿರೋಧಿಸಿದೆ. ಯಾರಿಗೂ ಕೇಳಿಸಲಿಲ್ಲ. ಆ ರಾತ್ರಿ ಕನಸಿನಲ್ಲಿ ಅಪರಿಚಿತರ ಪಾದಗಳು ಸಾಲುಗಟ್ಟಿ ಬಂದವು.

ನನ್ನನ್ನು ಉಳಿಸಬಹುದಾದದ್ದು ಒಂದೇ ಒಂದು. ಊರಿನ ಪಕ್ಷಿ ಗಣತಿ ಕಚೇರಿಯವರು ನಮ್ಮ ಬಡಾವಣೆಯ ಬೇಟೆ ಹಕ್ಕಿಗಳನ್ನು ಎಣಿಸಿ ಬರೆಯಲು ಒಬ್ಬ ಸಹಾಯಕರನ್ನು ಹುಡುಕುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದ್ದೆ. ಹಕ್ಕಿಗಳ ಕೆಲಸ. ಅವು ಹಾಜರಿ ಕೂಗುವುದಿಲ್ಲ, ಬಿಗಿಯೋ ಸಡಿಲವೋ ಹೇಳುವುದಿಲ್ಲ. ತಾತನ ಕಾಲದ ದುರ್ಬೀನನ್ನೂ (ಬಲಗಣ್ಣು ಮಸುಕು, ಎಡಗಣ್ಣು ಸುಮಾರು) ಮುಖಪುಟವಿಲ್ಲದ ಹಳೆಯ ಪಕ್ಷಿ ಪುಸ್ತಕವನ್ನೂ ಹಿಡಿದು ತಾರಸಿ ಹತ್ತಿದೆ. ಆಗ ಕಂಡದ್ದೇ ಆ ಮಹಾಪಕ್ಷಿ.

ಎದುರಿನ ನೀರಿನ ಟ್ಯಾಂಕಿನ ಮೇಲೆ ಅದು ದಿನವೂ ಬಂದು ಕೂರುತ್ತಿತ್ತು. ಕಂದು ಮೈ, ಕೊಕ್ಕೆಯಂಥ ಕೊಕ್ಕು, ಸಾಲ ಕೇಳಲು ಬಂದವರನ್ನು ನೋಡುವಂಥ ನೋಟ. ಬಾಲ ಕವಲಾಗಿದ್ದರೆ ಸಾಮಾನ್ಯ ಹದ್ದು ಎಂದು ಪುಸ್ತಕ ಹೇಳುತ್ತದೆ. ನನ್ನ ಹಕ್ಕಿಯ ಬಾಲ ಮಡಿಸಿದಾಗ ಕವಲು, ಬಿಚ್ಚಿದಾಗ ನೇರ. ಎರಡು ದಿನ ಯೋಚಿಸಿ ಬಿಚ್ಚಿದ್ದನ್ನೇ ನಂಬಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿತ್ತು. ಅದರ ಕಾಲಿನಿಂದ ಯಾವಾಗಲೂ ಒಂದು ತೆಳ್ಳನೆಯ ಹಳದಿ ಹಾವು ಜೋತಾಡುತ್ತಿತ್ತು. ಹಾವು ತಿನ್ನುವುದು ಹಾವುಗಿಡುಗ, ನಮ್ಮ ಕಡೆ ಬಹಳ ಅಪರೂಪ. ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ: "ಬೆಳಿಗ್ಗೆ ಏಳು ಇಪ್ಪತ್ತು. ಗಾಳಿ ಪಶ್ಚಿಮದಿಂದ. ಹಾವನ್ನು ಕುಕ್ಕುತ್ತಿದೆ. ಹಾವು ಖಾಲಿಯಾಗುತ್ತಿಲ್ಲ."

ನಾಲ್ಕನೇ ದಿನ ಎಡಗಣ್ಣಿಗೆ ಮತ್ತೊಂದು ಅದ್ಭುತ ಕಂಡಿತು. ಹಕ್ಕಿಯ ಕಾಲಿನಲ್ಲಿ ಹಳದಿ ಪಟ್ಟಿ, ಪಟ್ಟಿಯ ಮೇಲೆ ಅಂಕಿ: ಮೂವತ್ತೇಳು. ವಿಜ್ಞಾನಿಗಳು ಹಕ್ಕಿ ಹಿಡಿದು, ಕಾಲಿಗೆ ನಂಬರಿನ ಪಟ್ಟಿ ತೊಡಿಸಿ ಬಿಡುತ್ತಾರೆಂದು ಪಕ್ಷಿ ಪುಸ್ತಕದಲ್ಲೇ ಇದೆ. ಮರುದಿನ ಬಂದ ಹಕ್ಕಿಯ ನಂಬರು ಮೂವತ್ತೆಂಟು. ಅದರ ಮರುದಿನ ಮೂವತ್ತೊಂಬತ್ತು. ಒಂದಲ್ಲ, ಮೂರು ಹಾವುಗಿಡುಗಗಳು, ಸರದಿಯ ಮೇಲೆ. ಮೂರಕ್ಕೂ ಎಡ ರೆಕ್ಕೆಯ ಮೂರನೇ ಗರಿ ಮುರಿದಿತ್ತು. ಒಂದೇ ಗೂಡಿನ ಅಣ್ಣತಮ್ಮಂದಿರಿರಬೇಕು ಎಂದು ಬರೆದೆ. ಕಚೇರಿಗೆ ಹನ್ನೊಂದು ಪುಟದ ಪತ್ರ ಹಾಕಿದೆ. ಕೊನೆಯ ಸಾಲು ಹೀಗಿತ್ತು: "ಒಂದರಿಂದ ಮೂವತ್ತಾರರವರೆಗಿನ ಹಕ್ಕಿಗಳು ಇನ್ನೂ ಕಂಡಿಲ್ಲ. ಅವುಗಳ ಬಗ್ಗೆ ನನಗೆ ಚಿಂತೆಯಾಗಿದೆ."

ಆ ಸಾಲೇ ಕಚೇರಿಯನ್ನು ಅಲುಗಾಡಿಸಿತಂತೆ. ಭಾನುವಾರ ಸಂಜೆ ನಾಲ್ಕಕ್ಕೆ ಗಣತಿ ಮೇಡಂ ಖುದ್ದಾಗಿ ಬರುತ್ತಾರೆಂದು ಉತ್ತರ ಬಂತು. ಗಿಡುಗಗಳು ನಿಜವಾದರೆ ಕೆಲಸ ನನ್ನದು. ಅಲ್ಲವಾದರೆ ಸೋಮವಾರದಿಂದ ಚಪ್ಪಲಿ ಅಂಗಡಿ ಎಂದು ಅತ್ತೆ ಷರತ್ತು ಹಾಕಿದಳು, ಅದನ್ನು ನೋಡಲು ತಾನೂ ಬಂದಳು.

ಮೇಡಂ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊಳದುದ್ದದ ದೂರದರ್ಶಕ ನಿಲ್ಲಿಸಿದರು. ನನ್ನ ನೋಟ್ ಪುಸ್ತಕ ತಿರುವಿ, ಇಷ್ಟು ಅಚ್ಚುಕಟ್ಟಾದ ಟಿಪ್ಪಣಿಯನ್ನು ಹದಿನೈದು ವರ್ಷದ ಕೆಲಸದಲ್ಲಿ ನೋಡಿಲ್ಲ ಎಂದರು. ಅಮ್ಮ ಮೊದಲ ಬಾರಿಗೆ ನನ್ನನ್ನು ಮಗಳಂತೆ ನೋಡಿದಳು. ಅಪ್ಪ ಮಾತ್ರ ಯಾಕೋ "ಮೇಲೆ" ಎಂದರು. ನೋಡಿದರೆ ಹಕ್ಕಿ ಬಂದು ಟ್ಯಾಂಕಿನ ಮೇಲೆ ಕೂತಿತ್ತು.

ಮೇಡಂ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಓದತೊಡಗಿದರು. "ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ಕಾಲಿಗೆ ಸುತ್ಕೊಂಡಿದೆ. ಕೆಳಗೆ ಜೋತಾಡ್ತಿರೋದು ಐವತ್ತರ ಮೇಲೆ." ಕಣ್ಣು ತೆಗೆದು ಅಮ್ಮನ ಕೊರಳಲ್ಲಿದ್ದ ಗಂಟುದಾರವನ್ನು ಒಮ್ಮೆ ನೋಡಿದರು. "ಅಮ್ಮಾ, ನೀವು ಹೊಲಿಗೆ ಕೆಲಸ ಮಾಡ್ತೀರಾ? ಒಂದ್ಸಲ ಬಂದು ನೋಡ್ತೀರಾ?"

ಅಮ್ಮ ನೋಡಿದಳು.

"ಏಯ್, ನನ್ನ ಟೇಪು!"

ಹಾಜರಿಗೆ ಬೇಕಾಗಿದ್ದ ದನಿ ಅದು. ತಾಯಿಯಲ್ಲೇ ಉಳಿದುಬಿಟ್ಟಿತು, ನನಗೆ ಇಳಿಯಲಿಲ್ಲ. ಹಕ್ಕಿ ಬೆಚ್ಚಿ ನೆಗೆಯಿತು. ಟೇಪಿನ ತುದಿ ಟ್ಯಾಂಕಿನ ಪಕ್ಕದ ಡಿಶ್ ಆಂಟೆನಾಕ್ಕೆ ಸಿಕ್ಕಿಕೊಂಡು ಸುತ್ತುಗಳು ಒಂದೊಂದಾಗಿ ಬಿಚ್ಚಿದವು. ನನ್ನ ಮೂರೂ ಹಾವುಗಿಡುಗಗಳು ಒಂದೇ ಹದ್ದಾಗಿ, ಹಗುರಾಗಿ, ಆಕಾಶಕ್ಕೆ ಹಾರಿಹೋದವು. ಆಂಟೆನಾದಿಂದ ಅರವತ್ತು ಇಂಚಿನ ಹಳದಿ ಹಾವು ಗಾಳಿಗೆ ಆಡುತ್ತಿತ್ತು.

"ಹಕ್ಕಿಯ ಕಾಲು ಉಳೀತು, ಅದೇ ಸಮಾಧಾನ," ಎಂದರು ಮೇಡಂ. ಹದ್ದುಗಳು ಗೂಡಿಗಾಗಿ ಬಟ್ಟೆ, ದಾರ, ಪಟ್ಟಿ ಎಲ್ಲವನ್ನೂ ಹೊತ್ತೊಯ್ಯುತ್ತವೆ ಎಂದು ವಿವರಿಸಿದರು. ಆಮೇಲೆ ನನ್ನ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದರು. "ಒಂದು ವರ್ಷ ಬರೀ ಹದ್ದನ್ನೇ ನೋಡಮ್ಮ. ಅದನ್ನ ಗುರುತಿಸೋದು ಕಲಿತ ಮೇಲೆ ಬಾ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಮ್ಮನಿಗೆ ಟೇಪು ಸಿಕ್ಕ ಸಂತೋಷಕ್ಕಿಂತ ಬೇರೆಯದೇ ನೋವು. "ಮೂರು ವಾರ ನಾನು ಮಂಚದ ಕೆಳಗೆಲ್ಲ ತಡಕಾಡ್ತಾ ಇದ್ರೆ, ನೀನು ಇಲ್ಲಿ ದಿನಾ ಅದರ ನಂಬರು ಓದಿ ಬರ್ಕೊಂಡು ಕೂತಿದ್ಯಲ್ಲೇ. ಟೈಮ್ ಸಮೇತ."

ಟೈಮ್ ಸಮೇತ ಬರೆದದ್ದು ನಿಜ.

"ಕೆಳಗೆ," ಎಂದರು ಅಪ್ಪ. ಎಲ್ಲರೂ ಇಳಿದೆವು. ಮೂಲೆಮನೆಯ ಪೋಸ್ಟ್‌ಮನ್ ಏಣಿ ತಂದು ಟೇಪು ಬಿಡಿಸಿಕೊಟ್ಟರು. (ಏಣಿಯ ಮೇಲೆ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿದ್ದಾಗ ಅವರ ಪ್ಯಾಂಟು ಅತ್ಯಂತ ಸರಿಯಾಗಿ ಕೂತಿತ್ತು.) ಟೇಪಿನ ತುಂಬ ಕೊಕ್ಕಿನ ತೂತುಗಳಿದ್ದವು, ಅಂಕಿಗಳು ಮಾತ್ರ ಸ್ಪಷ್ಟವಾಗಿದ್ದವು.

ಅತ್ತೆ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. "ಅತ್ತಿಗೆ, ಅಂಗಡೀಲಿ ಹಾಕ್ಕೊಳ್ಳೋಕೆ ಇವಳಿಗೊಂದು ನೀಲಿ ಕೋಟು ಹೊಲಿದುಬಿಡು. ಹೇಗೂ ಟೇಪು ಸಿಕ್ತಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿರಬೇಕು."

ಅಮ್ಮ ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ಟೇಪಿನ ಒಂದು ತುದಿ ಭುಜದ ಮೇಲಿಟ್ಟು ಮೊಣಕಾಲಿನವರೆಗೆ ಎಳೆದು, ಬಗ್ಗಿ ನೋಡಿ, ಗಟ್ಟಿಯಾಗಿ ಓದಿದಳು.

"ಮೂವತ್ತೇಳು."

ಕೈ ಅಭ್ಯಾಸಬಲದಿಂದ ನೋಟ್ ಪುಸ್ತಕ ತೆರೆಯಿತು. ಗಡಿಯಾರ ನೋಡಿ ಅಚ್ಚುಕಟ್ಟಾಗಿ ಬರೆದೆ: "ಭಾನುವಾರ, ಸಂಜೆ ಐದು ಹತ್ತು. ಗಾಳಿ ಇಲ್ಲ. ನಂಬರು ಮೂವತ್ತೇಳು ಮತ್ತೆ ಕಂಡಿತು. ಗೋಡೆಗೆ ಒರಗಿ ನಿಂತಿದೆ. ಹಾರುವ ಲಕ್ಷಣ ಕಾಣುತ್ತಿಲ್ಲ."