ವಂಶದ ನಿದ್ದೆ

ಗಿರಾಕಿಗೆ ಹಾಸಿಗೆ ತೋರಿಸುವವನು ಅದರ ಮೇಲೆ ಮಲಗಿ ತೋರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವನು ಏಳಲೇ ಇಲ್ಲ. ಗಿರಾಕಿಯ ಹೆಂಡತಿ ‘ಪಾಪ’ ಎಂದು ಅವನಿಗೆ ಚಾದರ ಹೊದಿಸಿ, ಗಂಡನನ್ನು ತುದಿಗಾಲಲ್ಲಿ ಹೊರಗೆ ನಡೆಸಿಕೊಂಡು ಹೋಗಿ, ಎದುರಿನ ಅಂಗಡಿಯಲ್ಲಿ ಜೋಡಿ ಹಾಸಿಗೆ ಕೊಂಡಳು.

ಮ್ಯಾನೇಜರು ಕೆಂಡವಾದರು. ಅವರು ಹಗಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಗಡಿ ಕಾಯುವ ಮನುಷ್ಯ. ಅವರು ಆಕಳಿಸಿದ್ದನ್ನು ಕೂಡ ಕಂಡವರಿಲ್ಲ.

“ನಂದೇನೂ ತಪ್ಪಿಲ್ಲ ಸಾರ್, ಇದು ವಂಶದಿಂದ ಬಂದಿದ್ದು,” ಎಂದುಬಿಟ್ಟ ನಮ್ಮ ಸೇಲ್ಸ್‌ಮನ್, ಅರೆನಿದ್ದೆಯಲ್ಲಿ.

“ವಂಶ ಅಂದ್ರೆ ನಮ್ಮದು! ನಿದ್ದೆಗೆಟ್ಟು ಕೋಟೆ ಕಾದವರು ನಾವು. ಇಬ್ಬರದೂ ಪರೀಕ್ಷೆ ಮಾಡಿಸೇ ಬಿಡೋಣ. ನಿನ್ನ ರಕ್ತದಲ್ಲಿ ನಿದ್ದೆ ಇದ್ರೆ ಕೆಲಸ ಉಳೀತು. ಇಲ್ಲಾಂದ್ರೆ ಮನೆಗೆ ಹೋಗಿ ಮಲಕ್ಕೋ.”

ಇಬ್ಬರೂ ಪುಟ್ಟ ಕೊಳವೆಗಳಿಗೆ ಉಗುಳಿ ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ವರದಿ ಬರುವ ದಿನ ಇವತ್ತು.

ಬೆಳಗ್ಗೆಯಿಂದ ಎಲ್ಲರೂ ಅವನ ಬೆನ್ನು ಹತ್ತಿದ್ದರು. ಕ್ಯಾಶಿಯರಮ್ಮ, “ಋಷಿಮೂಲ ನದೀಮೂಲ ಕೆದಕಬಾರದು ಅಂತ ಹಿರಿಯರು ಸುಮ್ನೆ ಹೇಳಿದಾರಾ?” ಎಂದು ಹೆದರಿಸಿದಳು. ದಿಂಬು ತುಂಬಿ ಗವಸಿನ ಬಾಯಿ ಹೊಲಿಯುವ ಟೈಲರ್ ಮಾತ್ರ ಹುರುಪಿನಲ್ಲಿದ್ದ.

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ವರದೀಲೇ ಬರುತ್ತೆ, ನೋಡ್ತಿರು. ಆದ್ರೆ ಇವತ್ತೊಂದಿನ ಮಲಗಬೇಡ ಮಾರಾಯ, ಕೇಸು ಕೆಟ್ಟೋಗುತ್ತೆ. ಬಾ, ನನ್ನ ಪಕ್ಕ ಕೂತ್ಕೋ. ಮಿಷನ್ ಸದ್ದಿಗೆ ಯಾರಿಗೂ ನಿದ್ದೆ ಬರಲ್ಲ.”

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಇವನಿಗೆ ಚಿಂತೆ ಇದ್ದರೂ ಬಂತು. ಕಿಟಕಿಯ ಬಿಸಿಲು ಹಾಸಿಗೆಯಿಂದ ಹಾಸಿಗೆಗೆ ಮೆಲ್ಲಗೆ ಸರಿಯುತ್ತಿತ್ತು. ಹೊಲಿಗೆ ಯಂತ್ರದ ಸದ್ದು ದೂರದ ರೈಲಿನಂತೆ ಕೇಳತೊಡಗಿತು.

ಅವನು ಕೊನೆಯಿಲ್ಲದ ಒಂದು ಪಡಸಾಲೆಯಲ್ಲಿ ನಡೆಯುತ್ತಿದ್ದ. ಎರಡೂ ಕಡೆ ಪೂರ್ವಿಕರು ಮಲಗಿದ್ದರು. ಮುತ್ತಜ್ಜ ಮಗ್ಗುಲಾಗಿ, ಅವರಪ್ಪ ಅಂಗಾತ, ಅವರಜ್ಜ ಕುದುರೆಯ ಮೇಲೆ ಕೂತಲ್ಲೇ. ಕುದುರೆಗೂ ನಿದ್ದೆ. ಮುಖಗಳು ಮಸುಕು, ಆದರೆ ಎಲ್ಲರ ಗೊರಕೆಯೂ ಇವನದೇ ಗೊರಕೆ. ತನ್ನವರು ಇಷ್ಟೊಂದು ಜನ ಇದ್ದಾರೆಂದು ತಿಳಿದು ಅವನ ಕಣ್ಣು ತುಂಬಿತು. ಯಾರೋ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟಳು.

“ಬಂತು! ವರದಿ ಬಂತು!”

ಕ್ಯಾಶಿಯರಮ್ಮನ ಕೂಗಿಗೆ ದಡಬಡಿಸಿ ಎದ್ದು ಓಡಿದ. ಹಿಂದೆ ಒಂದು ದಿಂಬೂ ಬಂತು. ಇವನು ವಾಲಿದ ಹೊತ್ತಿನಲ್ಲಿ ಟೈಲರ್ ಅವನ ಅಂಗಿಯ ತೋಳನ್ನೂ ಗವಸಿಗೆ ಸೇರಿಸಿ ಹೊಲಿದುಬಿಟ್ಟಿದ್ದ. ತೋಳಿಗೆ ದಿಂಬು ಜೋತುಬಿದ್ದ ಆರೋಪಿಯನ್ನು ಮ್ಯಾನೇಜರು ಮೇಲಿಂದ ಕೆಳಗೆ ನೋಡಿದರು.

ಕ್ಯಾಶಿಯರಮ್ಮ ಕಂಪ್ಯೂಟರಿನಲ್ಲಿ ಓದಿದಳು. “ಹಗಲುನಿದ್ದೆಯ ಗುಣ, ಇದೆ. ಗೆದ್ದೆ ಕಣೋ! ಈಗ ಸಾರ್‌ದು. ಹಗಲುನಿದ್ದೆಯ ಗುಣ...” ಅವಳು ಕನ್ನಡಕ ಒರೆಸಿಕೊಂಡಳು. “ಇದೆ. ಸಾರ್, ಕೆಳಗೆ ಇನ್ನೊಂದು ಬರೆದಿದಾರೆ. ನಿಮ್ಮಿಬ್ಬರ ಅಜ್ಜ ಒಬ್ಬರೇ ಇರಬಹುದಂತೆ.”

“ಶುದ್ಧ ಸುಳ್ಳು!” ಎಂದರು ಮ್ಯಾನೇಜರು.

ಸೇಲ್ಸ್‌ಮನ್ ಸೋದರತ್ತೆಗೆ ಫೋನ್ ಮಾಡಿದ. ಅತ್ತೆಯ ದನಿ ಅಂಗಡಿಗೆಲ್ಲ ಕೇಳಿಸಿತು.

“ಹೇಳಬಾರದು ಅಂತಿದ್ದೆ. ನಿಮ್ಮಜ್ಜ ಒಂದಿನ ರೈಲಲ್ಲಿ ನಿದ್ದೆ ಹೋಗಿ ಇಳಿಯೋ ಊರು ದಾಟಿ ಹೋದ್ರು. ಎಚ್ಚರ ಆದ ಊರಲ್ಲೇ ಇನ್ನೊಂದು ಸಂಸಾರ ಹೂಡಿದ್ರು. ಎಷ್ಟೋ ವರ್ಷ ಆದ್ಮೇಲೆ ಅಲ್ಲಿಂದ ಇನ್ನೆಲ್ಲಿಗೋ ಹೊರಟು, ಮತ್ತೆ ನಿದ್ದೆ ಹೋಗಿ, ವಾಪಸ್ ನಮ್ಮೂರಲ್ಲೇ ಬಂದಿಳಿದ್ರು.”

ಮ್ಯಾನೇಜರು ಹತ್ತಿರದ ಹಾಸಿಗೆಯ ಮೇಲೆ ಕುಸಿದರು. “ನಮ್ಮಜ್ಜಿ ಅವರನ್ನ ‘ರೈಲಿನವರು’ ಅಂತಿದ್ದಳು,” ಎಂದರು ಸಣ್ಣಗೆ. “ಮೂವತ್ತು ವರ್ಷದಿಂದ ತೊಡೆ ಚಿವುಟಿಕೊಂಡು ಎಚ್ಚರ ಇದೀನೋ ತಮ್ಮಾ. ನಾನೊಬ್ಬನೇ ಸೋಮಾರಿ ಅಂದ್ಕೊಂಡಿದ್ದೆ. ಮನೆತನದ್ದು ಅಂತ ಗೊತ್ತೇ ಇರಲಿಲ್ಲ.”

“ಅಣ್ಣಾ!”

ಇಬ್ಬರೂ ತಬ್ಬಿಕೊಂಡು ಅತ್ತರು. ಒಂದೇ ದಿಂಬಿನಲ್ಲಿ ಕಣ್ಣೊರೆಸಿಕೊಂಡರು. ಅವನಿಗೆ ಇಂಥ ಸುಖ ನಿದ್ದೆಯಲ್ಲೂ ಸಿಕ್ಕಿರಲಿಲ್ಲ.

“ಹಾಗಾದ್ರೆ ನನ್ನ ಕೆಲಸ?”

“ನಾನಿರುವಾಗ ಯಾರೋ ಕಿತ್ಕೊಳ್ಳೋರು!”

“ಮಧ್ಯಾಹ್ನದ ನಿದ್ದೆ?”

“ಅದೂ ಉಂಟು. ಪಿತ್ರಾರ್ಜಿತ ಅಲ್ವಾ!” ಮ್ಯಾನೇಜರು ಬೂಟು ಕಳಚಿ ಕಾಲು ಮೇಲಿಟ್ಟರು. “ಆದ್ರೆ ಇಬ್ಬರೂ ಒಟ್ಟಿಗೆ ಮಲಗಿದ್ರೆ, ಮಾಲೀಕರು ಬಂದಾಗ ಎಬ್ಬಿಸೋರು ಯಾರು? ಹಿರಿಯರ ಪಾಲು ಮೊದಲು. ಅಂಗಡಿ ಮುಚ್ಚೋ ಹೊತ್ತಿಗೆ ಎಬ್ಬಿಸು.”

“ನನ್ನ ಪಾಲು ಯಾವಾಗ ಅಣ್ಣಾ?”

“ನನ್ನ ಕಾಲ ಆದ್ಮೇಲೆ ಎಲ್ಲ ನಿಂದೇ ತಾನೇ,” ಎಂದು ಮ್ಯಾನೇಜರು ಗೋಡೆಯ ಕಡೆ ಹೊರಳಿದರು.

ಅವನು ಅಣ್ಣನಿಗೆ ಚಾದರ ಹೊದಿಸಿದ. ಬಾಗಿಲಲ್ಲಿ ಹೋಗಿ ನಿಂತು, ಜೀವಮಾನದಲ್ಲೇ ಮೊದಲ ಸಲ, ತನ್ನ ತೊಡೆ ತಾನೇ ಚಿವುಟಿಕೊಂಡ.