ಬಂದೂಕಿಗೊಂದು ಸಂದೂಕ

ಒಂದು ಪೆಟ್ಟಿಗೆ ಕೊಂಡು ತರುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ನನ್ನ ಹೆಂಡತಿ ಗಂಗವ್ವನಿಗೆ ಬಲು ಠೀವಿಯಿಂದ ಹೇಳಿದೆ. ನನ್ನ ಬುದ್ಧಿಯ ಮೇಲೆ ನನಗೆ ಪೂರ್ಣ ಭರವಸೆ ಇತ್ತು. ಗಂಗವ್ವನಿಗೆ ಇರಲಿಲ್ಲ. ಆದರೆ ಅದು ಲಗ್ನವಾದ ದಿನದಿಂದಲೂ ಇರಲಿಲ್ಲವಾದ್ದರಿಂದ ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸಂಗತಿ ಇಷ್ಟು. ಜಕ್ಕಲಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಬಂದೂಕು ಇತ್ತು. ಬತ್ತಿ ಹಚ್ಚಿ ಹಾರಿಸುವಂಥದ್ದು. ಅದರಿಂದ ಒಂದು ಮೊಲ ಸತ್ತದ್ದನ್ನೂ ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಆದರೆ ವಿಜಯದಶಮಿಯ ಸಂಜೆ ಊರವರೆಲ್ಲ ಬನ್ನಿ ಮುಡಿಯಲು ಹೊರಟಾಗ, ಸೀಮೆಗಲ್ಲಿನ ಹತ್ತಿರ ಮೊದಲು ನಮ್ಮ ಮನೆಯ ಬಂದೂಕು ಢಂ ಅನ್ನಬೇಕು. ಆಮೇಲೆಯೇ ಉಳಿದವರು ಸೀಮೆ ದಾಟಬೇಕು. ಅಜ್ಜ ಹಾರಿಸಿದ, ಅಪ್ಪ ಹಾರಿಸಿದ, ಈಗ ನಾನು ಕಣ್ಣು ಮುಚ್ಚಿಕೊಂಡು ಹಾರಿಸುತ್ತಿದ್ದೆ. ಅರಳೆ, ಜೋಳದ ವ್ಯಾಪಾರ ಮಾಡಿಕೊಂಡಿದ್ದ ನನ್ನನ್ನು ವರ್ಷವೆಲ್ಲ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆ ಒಂದು ಸಂಜೆ ಮಾತ್ರ ಇಡೀ ಊರು ನನಗಾಗಿ ಕಾದು ನಿಲ್ಲುತ್ತಿತ್ತು.

ಅಂಥದರಲ್ಲಿ ಕಂಪನಿ ಸರಕಾರದವರು ಡಂಗುರ ಹೊಡೆಸಿದರು. ಉತ್ತರದ ಕಡೆ ಸಿಪಾಯಿಗಳು ದಂಗೆ ಎದ್ದಿದ್ದಾರಂತೆ, ಆದ್ದರಿಂದ ಆಯುಧ ಇದ್ದವರೆಲ್ಲ ತಂದು ರೋಣದ ಕಚೇರಿಗೆ ಒಪ್ಪಿಸಬೇಕಂತೆ. ನಾನು ಓಡಿಹೋಗಿ ಅಲ್ಲಿನ ಕಾರಕೂನರ ಮುಂದೆ ಕೈಮುಗಿದು ನಿಂತೆ. ಅವರು ಸಾವಕಾಶವಾಗಿ ನಶ್ಯ ಏರಿಸಿ ಹೇಳಿದರು:

“ಕೀಲಿ ಹಾಕೂ ಅಂಥಾ ಗಟ್ಟಿ ಸಂದೂಕದಾಗ ಇಡ್ರಿ. ಕಳ್ಳರ ಕೈಗೂ ಸಿಗಬಾರದು, ದಂಗೆಕೋರರ ಕೈಗೂ ಸಿಗಬಾರದು. ನಾ ಬಂದು ನೋಡ್ತೀನಿ. ಬರೋಬ್ಬರಿ ಇದ್ರ ನಿಮ್ಮ ಹತ್ರನ ಇರ್ಲಿ. ಇಲ್ಲಂದ್ರ ತಗೊಂಡು ಹೋಗ್ತೀನಿ.”

“ಯಾವಾಗ ಬರ್ತೀರಿ, ರಾಯರ?”

“ಬರ್ತೀನಿ.”

ಈ ‘ಬರ್ತೀನಿ’ ಎಂಬುದು ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ನಮ್ಮ ಎದುರು ಮನೆಯ ಪರಪ್ಪಣ್ಣನ ಹತ್ತಿರವೂ ಒಂದು ಬಂದೂಕು ಇತ್ತು. ನನ್ನದು ಹೋದರೆ ಸೀಮೆಗಲ್ಲಿನ ಮಾನ ಅವನ ಪಾಲಾಗುವುದು ಖಂಡಿತ. ಅವನಾಗಲೇ ಸಾಗುವಾನಿಯ ಸಂದೂಕ ಮಾಡಿಸಿ, ಹಿತ್ತಾಳೆಯ ಪಟ್ಟಿ ಬಡಿಸಿ, ಹೋಗಿಬರುವವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದ. ನಾನು ಬಡಿಗೇರನನ್ನು ಕೇಳಿದರೆ, ಪರಪ್ಪಣ್ಣನ ಸಂದೂಕದ ದೆಸೆಯಿಂದ ಊರ ಚಕ್ಕಡಿಗಳೆಲ್ಲ ಹಿಂದೆ ಬಿದ್ದಿವೆ, ಸುಗ್ಗಿ ಮುಗಿಯುವವರೆಗೆ ಮಾತಾಡಿಸಬೇಡ ಎಂದ. ನನಗೆ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ರೋಣದ ದಾರಿಯಲ್ಲಿ ಧೂಳೆದ್ದರೆ ಸಾಕು, ಕಾರಕೂನರು ಬಂದರೆಂದು ಬಾಗಿಲಿಗೆ ಓಡುತ್ತಿದ್ದೆ. ಕಡೆಗೆ, ಗಜೇಂದ್ರಗಡದ ಪೇಟೆಯಿಂದ ಕಬ್ಬಿಣದ ತಿಜೋರಿಯನ್ನೇ ತಂದು ಪರಪ್ಪಣ್ಣನ ಹೊಟ್ಟೆ ಉರಿಸಬೇಕೆಂದು ನಿಶ್ಚಯಿಸಿದೆ.

ಆದರೆ ಅಳತೆ? ಬಂದೂಕನ್ನು ಹೆಗಲ ಮೇಲಿಟ್ಟುಕೊಂಡು ದಾರಿ ನಡೆದರೆ ನನ್ನನ್ನೇ ದಂಗೆಕೋರನೆಂದು ಹಿಡಿದಾರು.

“ಒಂದ ಹಗ್ಗದಾಗ ಅಳತಿ ತಗೊಂಡು ಹೋಗ್ರಿ,” ಎಂದಳು ಗಂಗವ್ವ.

“ಹಗ್ಗ ಎಲ್ಲೆರ ಬಿಟ್ಟು ಬಂದ್ರ? ತಲಿ ಮ್ಯಾಲಿನ ರುಮಾಲ ಎಲ್ಲೂ ಹೋಗೂದಿಲ್ಲ.”

ಹೀಗೆಂದು ರುಮಾಲು ಬಿಚ್ಚಿ, ಬಂದೂಕಿನ ಉದ್ದಕ್ಕೆ ಹಿಡಿದು, ಅಲ್ಲಿಗೊಂದು ಗಂಟು ಹಾಕಿ, ಮತ್ತೆ ತಲೆಗೆ ಸುತ್ತಿಕೊಂಡೆ. ಇಂಥ ಉಪಾಯ ಕಚೇರಿಯವರಿಗೂ ಹೊಳೆಯಲಾರದು ಎಂದು ಚಕ್ಕಡಿಯಲ್ಲಿ ಕೂತು ದಾರಿಯುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡೆ.

ಗಜೇಂದ್ರಗಡದ ಅಂಗಡಿಯಲ್ಲಿ ಒಂದು ತಿಜೋರಿ ಇತ್ತು. ಕರ್ರಗೆ, ಗುಂಡುಗುಂಡಗೆ, ನೋಡಿದರೆ ಕೈಮುಗಿಯಬೇಕು ಅನ್ನುವಂತಿತ್ತು. ಯಾತಕ್ಕೆ ಬೇಕೆಂದು ಸಾಹುಕಾರ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಬಂದೂಕಿನ ಮಾತನ್ನು ಪೇಟೆಯಲ್ಲಿ ಆಡುವ ಕಾಲ ಅದಾಗಿರಲಿಲ್ಲ. ಸುಮ್ಮನೆ ರುಮಾಲು ಬಿಚ್ಚಿ ಅವನ ಮುಂದೆ ಉದ್ದಕ್ಕೆ ಹಾಸಿದೆ.

ನಮ್ಮ ಕಡೆ ಗಂಡಸು ನಡುಪೇಟೆಯಲ್ಲಿ ರುಮಾಲು ತೆಗೆದು ಬರಿದಲೆಯಲ್ಲಿ ನಿಂತನೆಂದರೆ ಅವನ ಮನೆಯಲ್ಲಿ ಹೆಣ ಬಿದ್ದಿದೆ ಎಂದೇ ಅರ್ಥ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಳತೆಯ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಸಾಹುಕಾರ ಗಾದಿ ಬಿಟ್ಟು ಎದ್ದು ನಿಂತ.

“ಯಾಕ್ರೀ ಯಜಮಾನ್ರ? ಮನ್ಯಾಗ ಏನಾತ್ರಿ?”

“ಏನಿಲ್ರಿ, ಮನಿ ಮಾತು,” ಎಂದು ನಾನು ತಿಜೋರಿಯ ಮೇಲೆ ಬಗ್ಗಿದೆ. ಗಂಟು ಒಂದು ಮೊಳದಷ್ಟು ಆಚೆಗೇ ಉಳಿಯಿತು. ಬಂದೂಕನ್ನು ಎರಡು ತುಂಡು ಮಾಡಿದರೆ ಮಾತ್ರ ಹಿಡಿಯಬಹುದಿತ್ತು. ಆದರೂ ಬೆಲೆ ಕೇಳಿದೆ. ಅವನು ಹೇಳಿದ. ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕೂತೆ.

“ಸಮಾಧಾನ ಮಾಡ್ಕೋರಿ. ನಮ್ಮ ಕೈಯಾಗ ಏನೈತ್ರಿ?” ಎಂದು ಅವನು ನೀರು ತರಿಸಿ ಕೊಟ್ಟ, ಬೆನ್ನು ಸವರಿದ. ಬೆಲೆ ಕೇಳಿ ಎದೆಯೊಡೆದ ಗಿರಾಕಿಯನ್ನು ಇಷ್ಟು ಅಂತಃಕರಣದಿಂದ ಸಂತೈಸುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಗಂಗವ್ವನ ತವರೂರಾದ ಪುರ್ತಗೇರಿಯ ಒಬ್ಬ ಮನುಷ್ಯ ನಿಂತಿದ್ದ. ಅವನು ನನ್ನನ್ನು ನೋಡಿ, ಕೊಳ್ಳಬೇಕಾದ ಕುಡಗೋಲನ್ನೂ ಕೊಳ್ಳದೆ, ಕಣ್ಣೊರೆಸಿಕೊಂಡು ಹೊರಟುಹೋದ. ಅದೂ ನನಗೆ ವಿಚಿತ್ರವೆನಿಸಲಿಲ್ಲ.

ಎತ್ತು ಕುಂಟಿದ್ದರಿಂದ ಆ ದಿನ ಗುರುತಿನವರ ಮನೆಯಲ್ಲಿ ಉಳಿದು, ಮರುದಿನ ಊರಿಗೆ ಬಂದೆ. ಓಣಿಯ ತುದಿಯಲ್ಲೇ ಅಳುವ ಸಪ್ಪಳ ಕೇಳಿಸಿತು. ನಮ್ಮ ಮನೆಯ ಮುಂದೆ ಚಕ್ಕಡಿಗಳು ನಿಂತಿದ್ದವು. ಪುರ್ತಗೇರಿಯಿಂದ ನನ್ನ ಅತ್ತೆ, ಮಾವ, ಅವರ ಬಳಗವೆಲ್ಲ ಬಂದಿಳಿದಿತ್ತು. ಅಳಿಯ ನೀಲಪ್ಪ ಬರಿದಲೆಯಲ್ಲಿ ಕೂತು ಅತ್ತನಂತೆ, ಅಂದ ಮೇಲೆ ಅವನ ಅವ್ವನೇ ಹೋಗಿರಬೇಕು ಎಂದು ಅವರು ಲೆಕ್ಕ ಹಾಕಿದ್ದರು.

ನಾನು ಮನೆ ಮುಟ್ಟುವ ಮೊದಲು ನಡೆದದ್ದನ್ನು ಗಂಗವ್ವ ಆಮೇಲೆ ನನಗೆ ಹಲ್ಲು ಕಡಿಯುತ್ತ ಹೇಳಿದಳು. ನಮ್ಮ ಅವ್ವ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳಂತೆ. ಅತ್ತೆ ಮುಖಕ್ಕೆ ಸೆರಗು ಹಾಕಿಕೊಂಡು ಅಳುತ್ತ ಇಳಿದದ್ದನ್ನು ಕಂಡು, ಪುರ್ತಗೇರಿಯಲ್ಲಿ ಯಾರೋ ಹೋದರೆಂದು ತಿಳಿದು, ಅವ್ವನೂ ಓಡಿಬಂದು ಬೀಗತಿಯ ಕೊರಳು ತಬ್ಬಿ ದೊಡ್ಡ ದನಿ ತೆಗೆದಳಂತೆ. ಇಬ್ಬರೂ ಮನಸಾರೆ ಅತ್ತ ಮೇಲೆ ಅವ್ವ ಕೇಳಿದಳು:

“ಹೋದವ್ರ ಯಾರವ್ವಾ?”

ಅತ್ತೆ ಸೆರಗು ಸರಿಸಿ ನೋಡಿ, “ನೀವ ಅಲ್ಲೇನ್ರಿ?” ಎಂದಳು.

ಬಂದವರಿಗೆಲ್ಲ ಹೋಳಿಗೆ ಮಾಡಿ ಕಳಿಸಬೇಕಾಯಿತು. ಅವ್ವ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಸತ್ತರೆ ನೀನು ಇಷ್ಟಾದರೂ ಅಳುತ್ತೀಯೋ ಇಲ್ಲವೋ ಎಂದು ಒಮ್ಮೆ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಇಷ್ಟಾದರೂ ಬಂದೂಕು ಗೋಡೆಗೇ ಒರಗಿಕೊಂಡಿತ್ತು. ಸುಗ್ಗಿ ಮುಗಿಯಿತು, ಮನೆಗೆ ಜೋಳ ಬಂತು, ಹಗೇವು ತುಂಬುವ ಹೊತ್ತಾಯಿತು. ಹಗೇವು ನೋಡದವರಿಗೆ ಹೇಳುವುದಾದರೆ, ಅದು ಮನೆಯ ಮುಂದೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತುಂಬಿಸಿ, ಬಾಯಿಗೆ ಬಂಡೆ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಒಳಗೆ ಗಾಳಿಯೂ ಹೋಗದು, ನೀರೂ ಹೋಗದು. ನಾನು ಅದರ ಬಾಯಲ್ಲಿ ಇಣುಕಿ ನೋಡುತ್ತಿದ್ದಾಗ ತಲೆಯಲ್ಲಿ ಮಿಂಚು ಹೊಡೆಯಿತು. ಇದಕ್ಕಿಂತ ಭದ್ರವಾದ ತಿಜೋರಿ ಕಂಪನಿ ಸರಕಾರದ ಹತ್ತಿರವಾದರೂ ಇದೆಯೇ? ಅದೂ ಪುಕ್ಕಟೆ!

ಬಂದೂಕನ್ನು ಅರಿವೆಯಲ್ಲಿ ಸುತ್ತಿ, ಹಗೇವಿನ ತಳಕ್ಕೆ ಹುಲ್ಲು ಹಾಸಿ ಮಲಗಿಸಿ, ಮೇಲೆ ಇಡೀ ವರ್ಷದ ಜೋಳ ಸುರಿಸಿದೆ. ಬಂಡೆ ಮುಚ್ಚುವಾಗ ಕಾರಕೂನರ ಮಾತು ನೆನಪಾಯಿತು. ಕೀಲಿ ಬೇಕಲ್ಲ! ಕಲ್ಲುಕುಟಿಗನನ್ನು ಕರೆಸಿ ಬಂಡೆಯ ನಡುವೆ ತೂತು ಹೊಡೆಸಿ, ಸರಪಳಿ ಇಳಿಬಿಟ್ಟು ಒಳಗಿನ ಅಡ್ಡ ಸಲಾಕೆಗೆ ಬಿಗಿದು, ಮೇಲೆ ಅಂಗೈಯಗಲದ ಕೀಲಿ ಜಡಿದೆ. ತೂತಿನ ಸುತ್ತ ಮಣ್ಣು ಮೆತ್ತಿದೆ. ಸರಪಳಿ ಅಲುಗಾಡಿದಾಗಲೆಲ್ಲ ಆ ಮಣ್ಣು ಉದುರುತ್ತಿತ್ತು, ಆದರೆ ನನ್ನ ಗಮನವೆಲ್ಲ ಕೀಲಿಯ ಅಂದದ ಮೇಲಿತ್ತು.

ಪರಪ್ಪಣ್ಣ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ತಮ್ಮಾ ನೀಲಪ್ಪಾ, ಹಗೇವಿಗೆ ಕೀಲಿ ಹಾಕಿದವ್ನ ನಾ ಹುಟ್ಟಿದ ಮ್ಯಾಲ ನೋಡಿಲ್ಲ ನೋಡಪ. ಜೋಳ ಎದ್ದು ಓಡಿ ಹೊಕ್ಕಾವೇನು?”

ನಾನು ನಕ್ಕುಬಿಟ್ಟೆ. ಆದರೆ ಕೀಲಿ ಕಂಡವರೆಲ್ಲ ಒಳಗೆ ಬಂಗಾರ ಹೂತಿದ್ದಾನೆ ಎಂದು ಮಾತಾಡತೊಡಗಿದರು. ಅಂದಿನಿಂದ ಬಂಡೆಯ ಮೇಲೇ ನನ್ನ ಊಟ, ಅಲ್ಲೇ ನನ್ನ ವ್ಯಾಪಾರ. ತಿಜೋರಿ ಇದ್ದರೆ ಮನಸ್ಸು ನಿಶ್ಚಿಂತೆ ಎಂದು ಹೇಳಿದವರು ಯಾರೋ, ಅವರನ್ನು ಒಮ್ಮೆ ಕಾಣಬೇಕಾಗಿತ್ತು. ಆ ಬೇಸಿಗೆಯಲ್ಲೇ ನರಗುಂದದಲ್ಲಿ ದೊಡ್ಡ ಗದ್ದಲವಾಯಿತು. ಯಾರಾರೋ ಮಡಿದ ಸುದ್ದಿ ಬಂತು. ಊರಲ್ಲಿ ಜನ ದನಿ ತಗ್ಗಿಸಿ ಮಾತಾಡುವಂತಾಯಿತು. ನನ್ನ ಅಂಜಿಕೆ ಇನ್ನಷ್ಟು ಹೆಚ್ಚಿತು. ಆಮೇಲೆ ಮಳೆ ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ನಾನು ಕಂಬಳಿ ಹೊದ್ದು ಬಂಡೆಯ ಮೇಲೆ ಕೂತೇ ಇದ್ದೆ. ನನ್ನ ಕೆಳಗೆ ಸರಪಳಿ ಹಿಡಿದು ನೀರು ಒಳಗಿಳಿಯುತ್ತಿತ್ತೆಂಬುದು ಮಾತ್ರ ಗೊತ್ತಾಗಲಿಲ್ಲ.

ನವರಾತ್ರಿಯ ಮುಂಚೆ ಕಾರಕೂನರು ಸಿಪಾಯಿಯೊಬ್ಬನನ್ನು ಕರೆದುಕೊಂಡು ಬಂದೇ ಬಂದರು. ಮೊದಲು ಎದುರು ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಎಲ್ಲೆ ನಿಮ್ಮ ಸಂದೂಕ?”

“ನಿಮ್ಮ ಕಾಲ ಕೆಳಗ ಅದರಿ, ರಾಯರ,” ಎಂದೆ, ಎದೆಯುಬ್ಬಿಸಿ.

ಕೀಲಿ ತೆಗೆದು ಬಂಡೆ ಸರಿಸಿದೆವು. ಮುಚ್ಚಿದ ಹಗೇವಿಗೆ ಒಮ್ಮೆಲೆ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರು ನಿಲ್ಲುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟೆವು. ದೀಪ ಆರಿತು. ಕಾಯಬೇಕು ಎಂದೆ. ಕಾರಕೂನರು ಮೂಗು ಹಿಡಿದುಕೊಂಡು ಕಾದರು. ಅಷ್ಟರಲ್ಲಿ ನೀಲಪ್ಪ ಹಗೇವು ತೆಗೆದ, ಜೋಳ ಮಾರುತ್ತಾನೆ ಎಂದು ಸುದ್ದಿ ಹಬ್ಬಿ, ಓಣಿಯ ಹೆಂಗಸರೆಲ್ಲ ಮೊರ, ಬುಟ್ಟಿ ಹಿಡಿದು ಬಂದರು. ಒಳಗಿನಿಂದ ಬಂದ ವಾಸನೆಗೆ ಬಂದಷ್ಟೇ ಬೇಗ ಹಿಂದೆ ಸರಿದರು.

ಬಂದೂಕು ತಳದಲ್ಲಿತ್ತಲ್ಲ, ಜೋಳವೆಲ್ಲ ಮೇಲೆ ಬರಲೇಬೇಕು. ಅಂಚಿನದು ಚೆನ್ನಾಗಿತ್ತು. ನಡುವಿನದು ಕಪ್ಪಾಗಿ, ಮುದ್ದೆಗಟ್ಟಿ, ಹುಳಿ ನಾರುತ್ತಿತ್ತು. ಗಂಗವ್ವ ಒಂದು ಹಿಡಿ ಎತ್ತಿಕೊಂಡು ನೋಡಿದಳು.

“ಎಮ್ಮಿನೂ ಮೂಸೂದಿಲ್ಲ ಇದನ್ನ. ಮಕ್ಕಳಿಗೆ ಏನ ಹಾಕ್ಲಿ? ನಿಮ್ಮ ಕೀಲಿ ಕುದಿಸಿ ಹಾಕ್ಲೇನು?”

ಅವಳ ಕಣ್ಣಲ್ಲಿ ನೀರಿತ್ತು. ಆ ಹೊತ್ತಿನಲ್ಲಿ ನನಗೆ ಬಂದೂಕೂ ಬೇಡ, ಮಾನವೂ ಬೇಡ, ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ನೆಲ ಆಗಲೇ ಬಾಯಿಬಿಟ್ಟಿತ್ತು, ಆದರೆ ಆ ವಾಸನೆಯಲ್ಲಿ ಇಳಿಯುವವರು ಯಾರು?

ಕಡೆಗೆ ಬಂದೂಕು ಹೊರಗೆ ಬಂತು. ಹಿಡಿಕೆಯ ಕಟ್ಟಿಗೆ ಕೈಯಲ್ಲಿ ಪುಡಿಯಾಯಿತು. ನಳಿಗೆಗೆ ತುಕ್ಕು ಹಿಡಿದು, ಒಳಗೆ ಜೋಳ ತುಂಬಿಕೊಂಡು, ಬಾಯಲ್ಲಿ ಬಿಳಿ ಮೊಳಕೆಗಳು ಇಣುಕುತ್ತಿದ್ದವು. ಕಾರಕೂನರು ಎರಡು ಬೆರಳಲ್ಲಿ ಹಿಡಿದೆತ್ತಿದರು.

“ಇದೇನ್ರಿ?”

“ಬಂದೂಕ್ರಿ.”

“ಯಾವ ಕಡೆಯಿಂದ?”

ಅವರು ಮೊಳಕೆಯೊಂದನ್ನು ಕಿತ್ತು ನೋಡಿ, ಕೈ ಒರೆಸಿಕೊಂಡು ಹೇಳಿದರು: “ನೋಡ್ರಿ ನೀಲಪ್ಪನವರ, ನರಗುಂದದ ಗದ್ದಲ ಆದ ಮ್ಯಾಲ ಹುಕುಂ ಬದಲಾಗೇದ. ಸಂದೂಕ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಹಾರೂ ಬಂದೂಕ ಎಲ್ಲಾ ಕಚೇರಿಗೆ ಬರಬೇಕು. ಪರಪ್ಪನವ್ರದು ಹಾರ್ತದ, ಅದನ್ನ ಒಯ್ತೀನಿ. ಇದನ್ನ ಬಂದೂಕ ಅಂತ ಒಯ್ದ್ರ ಮ್ಯಾಲಿನವ್ರು ನನಗ ನಗ್ತಾರ. ನೀವ ಇಟ್ಕೋರಿ.”

ಪರಪ್ಪಣ್ಣನ ಸಾಗುವಾನಿ ಸಂದೂಕವೂ ಚಕ್ಕಡಿ ಏರಿತು. ಕಚೇರಿಯಲ್ಲಿ ಬಂದೂಕುಗಳನ್ನಿಡಲಿಕ್ಕೆ ಬೇಕಾಗಿತ್ತಂತೆ. ಪಾಪ, ಅವನು ಹಿತ್ತಾಳೆಯ ಪಟ್ಟಿಯನ್ನು ಒಮ್ಮೆ ಸವರಿ ಒಳಗೆ ಹೋದ.

ಹೀಗೆ ಇಡೀ ಜಕ್ಕಲಿಯಲ್ಲಿ ಉಳಿದದ್ದು ನನ್ನ ಬಂದೂಕೊಂದೇ. ವಿಜಯದಶಮಿಯ ಸಂಜೆ ಅದನ್ನು ಒರೆಸಿ, ಹಿಡಿಕೆಗೆ ಅರಿವೆ ಸುತ್ತಿ, ಹೂ ಏರಿಸಿಕೊಂಡು ಸೀಮೆಗಲ್ಲಿಗೆ ಹೋದೆ. ನೋಡಿದವರು ಬಂದೂಕು ಕೆಟ್ಟಿದೆ ಎಂದಾರು, ಈ ವರ್ಷ ಹಾಗೇ ದಾಟೋಣ ಅಂದಾರು ಎಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ. ಊರ ಗೌಡರು ನನ್ನ ಮುಖ ನೋಡಿದರು.

“ಬಂದೂಕ ಅದ, ಮನಿತನ ಅದ. ಪದ್ಧತಿ ಬಿಡೂದು ಬ್ಯಾಡ. ನಡಸಪಾ ನೀಲಪ್ಪ, ಹೊತ್ತು ಮುಳಗಾಕತ್ತೈತಿ.”

ಊರೆಲ್ಲ ನಿಂತಿತು. ಯಾರೂ ಕಲ್ಲು ದಾಟರು. ಹುಡುಗರು ಕಿವಿ ಮುಚ್ಚಿಕೊಂಡರು. ನಾನು ಆ ಕಾಲ ಈ ಕಾಲ ಬದಲಿಸಿದೆ, ಬೆವರೊರೆಸಿದೆ, ಆಕಾಶ ನೋಡಿದೆ. ಪರಪ್ಪಣ್ಣ ಕೈ ಕಟ್ಟಿಕೊಂಡು ಕಾಯುತ್ತಿದ್ದ. ಇನ್ನು ತಡೆಯಲಾರದೆ, ಬಂದೂಕನ್ನು ಹೆಗಲಿಗೇರಿಸಿ, ಎಂದಿನಂತೆ ಕಣ್ಣು ಮುಚ್ಚಿ, ನನ್ನ ಬಾಯಿಂದಲೇ ‘ಢಂ’ ಎಂದೆ.

ಆಮೇಲೆ ಪರಪ್ಪಣ್ಣ, “ಆತು, ನಡೀರಿ,” ಎಂದ. ಜನ ಕಲ್ಲು ದಾಟಿ ಬನ್ನಿಯ ಕಡೆ ಹೊರಟರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬರುವಾಗ ಗಂಗವ್ವ ಬಹಳ ದೂರ ಸುಮ್ಮನೆ ನಡೆದಳು. ಕ್ಷಮಿಸಿದಳೋ ಏನೋ ಎಂದು ನಾನು ಹಗುರಾಗುತ್ತಿದ್ದೆ. ಆಗ ಹೇಳಿದಳು:

“ಮುಂದಿನ ವರ್ಷ ಸ್ವಲ್ಪ ಜೋರಲೆ ಅನ್ರಿ. ಹಿಂದ ನಿಂತವ್ರಿಗೆ ಕೇಳಲಿಲ್ಲ.”