ಸಾಂತಾಕ್ರೂಜಿನ ಕೆಸರಲ್ಲಿ ಮೂರು ಭಾನುವಾರ

ನಂಬದಿದ್ದರೆ ಬಿಡಿ. ನಂಬದವರ ಎದುರು ಹೇಳುವುದರಲ್ಲೇ ನನಗೆ ಖುಷಿ ಜಾಸ್ತಿ. ಬರೇ ಹಕ್ಕಿ ನೋಡುವುದಕ್ಕೆಂದು ಟಿಕೆಟ್ ತೆಗೆದು ಲೋಕಲ್ ಹತ್ತುವ ದೊಡ್ಡ ಮನುಷ್ಯರು ಈ ಮುಂಬಯಿಯಲ್ಲಿದ್ದಾರೆ ಎಂದರೆ ನಮ್ಮ ಹೋಟೆಲಿನ ಅಡಿಗೆಯವರೇ ನಂಬಲಿಲ್ಲ. ಅಂಥವರ ಜೊತೆ ನನ್ನಂಥವನು ಸೇರಿದ ಮೇಲೆ ಏನಾದರೊಂದು ಆಗದೆ ಇರುತ್ತದೆಯೇ?

೧. ಆರ್ಡರು

ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್. ಹನ್ನೆರಡು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿ ಇಟ್ಟುಕೊಳ್ಳುವವ ಆ ಬೀದಿಗೇ ನಾನೊಬ್ಬ. ಬ್ಯಾಂಕಿನ ರಾಯರೊಬ್ಬರು ದಿನಾ ಕಾಫಿಗೆ ಬರುತ್ತಾರೆ, ಮೈಸೂರು ಕಡೆಯವರು. ಒಂದು ದಿನ ನೋಟ್‌ಬುಕ್ಕಿನಲ್ಲಿ ಹಕ್ಕಿಯ ಚಿತ್ರ ಬರೆಯುತ್ತಿದ್ದರು. ನಾನು ಇಣುಕಿ, “ಕಾಜಾಣ. ಬಾಲ ಇನ್ನೂ ಸ್ವಲ್ಪ ಸೀಳಬೇಕು ರಾಯರೇ,” ಎಂದೆ.

“ನಿನಗೆ ಹಕ್ಕಿ ಗೊತ್ತೇನಯ್ಯಾ?”

“ನನಗೆ ಗೊತ್ತಿರುವುದು ಬಿಡಿ, ನಮ್ಮೂರ ಹಕ್ಕಿಗಳಿಗೇ ನನ್ನ ಗುರ್ತ ಉಂಟು.”

ರಾಯರು ನಕ್ಕರು. ಅವರೂ ಒಬ್ಬ ಪಾರ್ಸಿ ಡಾಕ್ಟರ್‌ಬಾಯಿಯೂ ಭಾನುವಾರಗಳಲ್ಲಿ ಸಾಂತಾಕ್ರೂಜಿಗೆ ಹಕ್ಕಿ ನೋಡಲು ಹೋಗುತ್ತಾರಂತೆ. ಭಾನುವಾರ ಫೋರ್ಟಿನಲ್ಲಿ ಆಫೀಸಿಲ್ಲ, ನಮ್ಮ ಹೋಟೆಲೂ ಇಲ್ಲ. “ಬಾ. ಆದರೆ ಒಂದು ಷರತ್ತು,” ಎಂದರು. “ಹಕ್ಕಿ ನೋಡುವವನು ಮೊದಲು ಬಾಯಿ ಮುಚ್ಚಲು ಕಲಿಯಬೇಕು. ಮೂರು ಭಾನುವಾರ ನೋಡುತ್ತೇನೆ. ತೆಪ್ಪಗಿದ್ದರೆ ತಂಡದಲ್ಲಿ ಜಾಗ. ಇಲ್ಲದಿದ್ದರೆ ನೀನು ಕಾಫಿ ಕೊಡು, ನಾನು ಕುಡಿಯುತ್ತೇನೆ, ಅಷ್ಟೇ.”

ಅವರು ಎದ್ದು ಹೋಗುವ ಮೊದಲೇ ನಾನು ಅಡಿಗೆಮನೆಯಲ್ಲಿ ಎಲ್ಲರಿಗೂ ಡಂಗುರ ಹೊಡೆದಾಗಿತ್ತು. ಇನ್ನು ತಂಡದಿಂದ ಹೊರಹಾಕಿಸಿಕೊಂಡರೆ ಪಾತ್ರೆ ತೊಳೆಯುವವನೂ ನನ್ನನ್ನು ನೋಡಿ ನಗುತ್ತಾನೆ.

ಮೊದಲನೇ ಭಾನುವಾರ. ಸ್ಟೇಷನ್ನಿನಿಂದ ಪಶ್ಚಿಮಕ್ಕೆ ನಡೆದರೆ ಗದ್ದೆ, ಅದರಾಚೆ ಖಾಡಿ, ಎಂದರೆ ಸಮುದ್ರದ ನೀರು ಒಳನುಗ್ಗುವ ಕೆಸರುನೆಲ. ಅವರಿಬ್ಬರೂ ದುರ್ಬೀನು ಸರಿಮಾಡಿಕೊಳ್ಳುವುದರೊಳಗೆ ನನ್ನ ಬರಿಗಣ್ಣಿಗೆ ಎಲ್ಲಾ ಕಂಡಿತು. ಆರು ವರ್ಷ ಹೋಟೆಲಿನಲ್ಲಿ ಆರ್ಡರು ಕೂಗಿದ ಅಭ್ಯಾಸ ನೋಡಿ, ಕಂಡದ್ದೇ ತಡ ಗಂಟಲು ತೆರೆದುಕೊಂಡಿತು.

“ಎರಡು ಬೆಳ್ಳಕ್ಕೀ! ಒಂದು ಮಿಂಚುಳ್ಳೀ! ನಾಲ್ಕು ಟಿಟ್ಟಿಭಾ, ಅರ್ಜೆಂಟ್!”

ಇಡೀ ಗದ್ದೆಯೇ ಎದ್ದು ಹಾರಿತು. ರಾಯರು ದುರ್ಬೀನು ಕೆಳಗಿಳಿಸಿದರು. ಡಾಕ್ಟರ್‌ಬಾಯಿ ಆಕಾಶ ನೋಡಿ ಹೇಳಿದರು, “ಪಾರ್ಸೆಲ್ ಹೋ ಗಯಾ.”

೨. ಹವಾಲ್ದಾರ

ಈಗ ಮುಂಬಯಿಯಲ್ಲಿ ದಾರೂಬಂದಿ, ಎಂದರೆ ಪಾನನಿಷೇಧ, ಇರುವುದು ನಿಮಗೆ ಗೊತ್ತೇ ಇದೆ. ಖಾಡಿಯ ಪೊದೆಗಳಲ್ಲಿ ಕಳ್ಳಭಟ್ಟಿ ಕಾಯಿಸುತ್ತಾರೆ ಎಂಬುದು ಪೊಲೀಸರಿಗೆ ಗೊತ್ತಿದೆ. ನಮಗೆ ಮಾತ್ರ ಹೊಳೆದಿರಲಿಲ್ಲ. ಎರಡನೇ ಭಾನುವಾರ ನಾವು ಮೂವರೂ ಅಂಥದೇ ಪೊದೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಉಸಿರೂ ಬಿಡದೆ ಒಂದು ಪೊಟರೆ ಕಾಯುತ್ತಿದ್ದೆವು.

ಹಿಂದಿನಿಂದ ಲಾಠಿ ಬಂತು. “ಕಾಯ್ ಲಪವಲಂಯ್ ರೇ?” ಏನು ಬಚ್ಚಿಟ್ಟಿದ್ದೀರಿ ಎಂದು.

“ಹಕ್ಕಿ ನೋಡುತ್ತಿದ್ದೇವೆ,” ಎಂದರು ಡಾಕ್ಟರ್‌ಬಾಯಿ.

ಹವಾಲ್ದಾರ ಅಷ್ಟು ಕಚ್ಚಾ ಸುಳ್ಳನ್ನು ಅದುವರೆಗೆ ಕೇಳಿರಲಿಲ್ಲ. ನನ್ನ ಥರ್ಮಾಸು ಕಿತ್ತುಕೊಂಡು ಮೂಸಿದ. ನಮ್ಮ ಹೋಟೆಲಿನ ಕಾಫಿ. ಒಂದು ಲೋಟ ಕುಡಿದ. ಸಂಶಯ ಪೂರ್ತಿ ತೀರಲೆಂದು ಇನ್ನೊಂದು ಲೋಟ ಕುಡಿದ. ಆಮೇಲೆ ಅವನಿಗೇ ಕುತೂಹಲ ಹುಟ್ಟಿತು. “ಅಂಥದ್ದು ಯಾವ ಹಕ್ಕಿ?”

“ಗೂಬೆ,” ಎಂದು ಡಾಕ್ಟರ್‌ಬಾಯಿ ವಿವರಿಸಿದರು. ಮುಖ ಬಿಳಿ ತಟ್ಟೆಯ ಹಾಗೆ, ಹಗಲು ನಿದ್ದೆ. ಅದರ ಗೂಡಿಗಾಗಿ ಎರಡು ವರ್ಷದಿಂದ ಇಲ್ಲಿಯ ಪೊಟರೆಗಳನ್ನೆಲ್ಲಾ ಹುಡುಕುತ್ತಿದ್ದಾರೆ.

“ಅದಾ? ನಮ್ಮ ಪೊಲೀಸ್ ಚೌಕಿಯ ಅಟ್ಟದಲ್ಲೇ ಉಂಟಲ್ಲ, ಮೂರು ಮರಿ ಸಮೇತ! ಆದರೆ ಚೌಕಿಯೊಳಗೆ ಸುಮ್ಮನೆ ಯಾರನ್ನೂ ಬಿಡುವ ಹಾಗಿಲ್ಲ.”

ರಾಯರು ಎರಡೂ ಕೈ ಮುಂದೆ ಚಾಚಿದರು. “ಹಾಗಾದರೆ ಹಿಡಿದುಕೊಂಡು ನಡಿಯಪ್ಪಾ!”

ಪೇಟೆಯ ನಡುವೆ ನಮ್ಮನ್ನು ನಡೆಸಿಕೊಂಡು ಹೋದ. ಗೂಬೆಮರಿಗಳು ಕತ್ತು ವಾರೆ ಮಾಡಿ ನಮ್ಮನ್ನು ನೋಡಿದ್ದೇ ನೋಡಿದ್ದು, ನಾವೇ ಅಪರೂಪದ ಜಾತಿ ಎಂಬ ಹಾಗೆ. ಹೊರಡುವಾಗ ಹವಾಲ್ದಾರ ಅಂದ, ಇಪ್ಪತ್ತು ವರ್ಷದ ನೌಕರಿಯಲ್ಲಿ ಚೌಕಿ ಬಿಟ್ಟು ಹೋಗಲು ಇಷ್ಟು ಸತಾಯಿಸಿದ ಆರೋಪಿಗಳನ್ನು ನೋಡಿಲ್ಲ ಎಂದು.

೩. ಏಳನೇ ಟೇಬಲ್

ಮೂರನೇ ಭಾನುವಾರ ಡಾಕ್ಟರ್‌ಬಾಯಿ ದಿಣ್ಣೆಯಾಚೆ ಉಲ್ಲಂಕಿ ಹಕ್ಕಿಗಳನ್ನು ನೋಡುತ್ತಿದ್ದರು. ರಾಯರ ದುರ್ಬೀನು ದೂರದ ಒಂದು ಗಿಡದ ತುದಿಗೆ ನಿಂತುಬಿಟ್ಟಿತು.

“ಹಳದಿ! ಹೊನ್ನಕ್ಕಿ ಅಲ್ಲ. ಕೊಕ್ಕು ರೆಕ್ಕೆಯೊಳಗೆ ಅಡಗಿಸಿ ಮಲಗಿದೆ. ಇಂಥದ್ದನ್ನು ಇಲ್ಲಿ ಯಾರೂ ಕಂಡಿಲ್ಲ!” ಎಂದು ಪಿಸುಗುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನಾನು ಬಾಯಿ ತೆರೆದೆ. ರಾಯರು ಬೆರಳೆತ್ತಿದರು. ಮುಚ್ಚಿದೆ.

ರಾಯರು ಹೊಟ್ಟೆಯ ಮೇಲೆ ತೆವಳತೊಡಗಿದರು. ಅರ್ಧ ಗಂಟೆ ಕಳೆಯಿತು, ಹಕ್ಕಿ ಅಲ್ಲಾಡಲಿಲ್ಲ. “ಎಂಥ ಧೈರ್ಯ ನೋಡಯ್ಯಾ ಇದಕ್ಕೆ!” ನಾನು ಮತ್ತೆ ಬಾಯಿ ತೆರೆದೆ. “ಇವತ್ತು ಮೂರನೇ ಭಾನುವಾರ, ನೆನಪಿರಲಿ!” ಮತ್ತೆ ಮುಚ್ಚಿದೆ. ಅಷ್ಟರಲ್ಲಿ ದಿಣ್ಣೆಯ ಅಂಚು ಕುಸಿದು ರಾಯರು ಸೊಂಟದವರೆಗೆ ಖಾಡಿಯೊಳಗೆ ಇಳಿದರು. ನೋಟ್‌ಬುಕ್ಕು ಇಳಿತದ ನೀರಿನ ಜೊತೆ ಅರಬ್ಬಿ ಸಮುದ್ರಕ್ಕೆ ಹೋಯಿತು.

ಡಾಕ್ಟರ್‌ಬಾಯಿ ಓಡಿ ಬಂದರು. ಇಬ್ಬರೂ ಸೇರಿ ರಾಯರನ್ನು ಎಳೆದೆವು. ಬಟ್ಟೆ ಹಾಳಾದದ್ದಕ್ಕೆ ಅವರಿಗೆ ದುಃಖವಿಲ್ಲ, “ಬೆಳಗಿನಿಂದ ಬರೆದ ಪಟ್ಟಿ ಹೋಯಿತಲ್ಲಯ್ಯಾ!” ಎಂದು ಗೋಳಾಡಿದರು.

“ಈಗ ಬಾಯಿ ಬಿಡಬಹುದಾ ರಾಯರೇ?”

“ಬಿಡು, ಇನ್ನೇನು ಉಳಿದಿದೆ.”

ಬೈರಾಸಿನಲ್ಲಿ ಕೈ ಒರೆಸಿ, ಅದನ್ನು ಹೆಗಲಿಗೇರಿಸಿ ನೆಟ್ಟಗೆ ನಿಂತೆ. “ಒಂದನೇ ಟೇಬಲ್, ಸ್ಟೇಷನ್ ಹತ್ತಿರದ ಆಲದಮರ: ನಾಲ್ಕು ಪಿಕಳಾರ, ಒಂದು ಕಾಜಾಣ. ಎರಡನೇ ಟೇಬಲ್, ಗದ್ದೆ: ಆರು ಬೆಳ್ಳಕ್ಕಿ, ಇಬ್ಬರು ಉದ್ದ ಕಾಲಿನವರು ಏನೂ ತಿನ್ನದೆ ಎದ್ದು ಹೋದರು...”

ರಾಯರು ಡಾಕ್ಟರ್‌ಬಾಯಿಯವರ ಔಷಧ ಬರೆಯುವ ಚೀಟಿಗಳ ಮೇಲೆ ಬರೆದದ್ದೇ ಬರೆದದ್ದು. ಮುಖ ಅರಳುತ್ತಾ ಹೋಯಿತು. “ಭೇಷ್! ಏಳನೇ ಟೇಬಲ್? ಆ ಗಿಡದ ತುದಿ? ಅದನ್ನು ಸರಿಯಾಗಿ ಹೇಳು!”

“ಏಳನೇ ಟೇಬಲ್: ಡಾಕ್ಟರ್‌ಬಾಯಿಯವರ ಹಳದಿ ಕರ್ಚೀಫು, ಒಂದು. ಬೆಳಿಗ್ಗೆ ಕೆಸರು ತೊಳೆದು ಒಣಹಾಕಿದ್ದು.”

ಕರ್ಚೀಫು ಎಂಬ ಮಾತು ಕೇಳಿ ಡಾಕ್ಟರ್‌ಬಾಯಿ ಅದನ್ನು ಸಿಕ್ಕಿಸಿಕೊಳ್ಳುವ ಸೊಂಟ ಮುಟ್ಟಿಕೊಂಡರು, ಗಿಡ ನೋಡಿದರು, ನಗುತ್ತಾ ಕೆಸರಲ್ಲೇ ಕೂತುಬಿಟ್ಟರು.

“ನಿನಗೆ ಮೊದಲೇ ಗೊತ್ತಿತ್ತೇನಯ್ಯಾ?”

“ಗೊತ್ತಿತ್ತು ಮಾರಾಯ್ರೇ. ಎರಡು ಸಲ ಬಾಯಿ ಮುಚ್ಚಿಸಿದ್ದು ನೀವು.”

ರಾಯರು ತುಂಬ ಹೊತ್ತು ಪ್ಯಾಂಟು ಹಿಂಡಿಕೊಂಡರು. ಆಮೇಲೆ ಕೊರಳಿನ ದುರ್ಬೀನು ತೆಗೆದು ನನ್ನ ಕೊರಳಿಗೆ ಹಾಕಿದರು. “ಇನ್ನು ಮೇಲೆ ನೋಡುವವನು ನೀನು. ಮೆಲ್ಲಗೆ ಹೇಳು. ಆದರೆ ಹೇಳು.”

ತಂಡದಲ್ಲಿ ಜಾಗ ಕೊಟ್ಟರು. ದುರ್ಬೀನು ಕೊಟ್ಟರು.